ಕೊಡಗಿನಲ್ಲೇ ಒಂದು ವಸತಿ ಅಕಾಡೆಮಿ: ಮೂರು ಬ್ಯಾಚ್‌ಗಳ ನನ್ನ ಅನುಭವ

ಪಿಯು ಮಕ್ಕಳು ಬಿಎಸ್ಸಿ, ಎಂಎಸ್ಸಿ ನಡೆಯುವ ಒಂದು ಕ್ಯಾಂಪಸ್‌ನಲ್ಲೇ ಉಳಿದು ವಿಜ್ಞಾನ, ಗಣಿತ ಕಲಿಯುವ ಅಕಾಡೆಮಿ ನಮ್ಮದು. ಮೂರನೇ ಬ್ಯಾಚ್ ಈಗ ದ್ವಿತೀಯ ಪಿಯು ಮುಗಿಸಿ ಹೊರಟಿದೆ. ಸೇರಿದ್ದು 22 ಮಕ್ಕಳು, ಕೊನೆಯವರೆಗೂ ಉಳಿದದ್ದು 21. ಮೊದಲ ಬ್ಯಾಚಿನಲ್ಲಿ 14 ಮಕ್ಕಳು ಸೇರಿ, ದಸರಾ ಹೊತ್ತಿಗೆ ಆರು ಮಂದಿ ಪೆಟ್ಟಿಗೆ ಕಟ್ಟಿದ್ದರು. ಆಗ ಎಲ್ಲರೂ ಒಂದೇ ಮಾತು ಹೇಳಿದ್ದರು. "ಮೇಷ್ಟ್ರೇ, ಕೊಡಗಿನಲ್ಲಿ ಚೆನ್ನಾಗಿ ಓದೋ ಮಕ್ಕಳು ಹತ್ತನೇ ಕ್ಲಾಸ್ ಆದ ಕೂಡಲೇ ಮೈಸೂರಿಗೋ ಮಂಗಳೂರು ಕಡೆಗೋ ಇಳಿದು ಹೋಗ್ತಾರೆ. ನಿಮ್ಮ ಹತ್ರ ಯಾರು ಇರ್ತಾರೆ?" ಈಗ ಆ ಕೆಳಗಿನ ಊರುಗಳಿಂದಲೂ ಫೋನ್ ಬರುತ್ತದೆ, ನಮ್ಮ ಮಗನಿಗೆ ಒಂದು ಸೀಟ್ ಸಿಗುತ್ತಾ ಅಂತ. ಅದಕ್ಕೇ ಬರೆಯಲು ಧೈರ್ಯ ಬಂತು.

ಇದರ ಬೀಜ ಬಿದ್ದದ್ದು 2018ರ ಆಗಸ್ಟ್‌ನಲ್ಲಿ, ಗುಡ್ಡ ಕುಸಿದಾಗ. ಮಡಿಕೇರಿಯ ಒಂದು ಪರಿಹಾರ ಕೇಂದ್ರದಲ್ಲಿ ನಾನು ಅಕ್ಕಿ ಮೂಟೆ ಇಳಿಸುವ ಕೆಲಸದಲ್ಲಿದ್ದೆ. ಮಕ್ಕಳು ಸುಮ್ನೆ ಕೂತಿದ್ದರು. ಸಮಯ ಕಳೆಯಲಿ ಅಂತ ರಟ್ಟಿನ ಮೇಲೆ ಲೆಕ್ಕ ಬರೆದು ಕೊಟ್ಟೆ. ಹೆಚ್ಚಿನವರು ಸ್ವಲ್ಪ ಹೊತ್ತು ನೋಡಿ ಆಟಕ್ಕೆ ಹೋದರು. ಮೂವರು ಮಾತ್ರ ರಾತ್ರಿ ಊಟದ ಸಾಲಿನಲ್ಲೂ ಅದೇ ರಟ್ಟು ಹಿಡಿದು ನಿಂತಿದ್ದರು. ಮೂವರಲ್ಲಿ ಒಬ್ಬನೂ ಶಾಲೆಯಲ್ಲಿ ಫಸ್ಟ್ ಬಂದವನಲ್ಲ. ಅದು ತಲೆಯಲ್ಲಿ ಕೂತುಬಿಟ್ಟಿತು.

ಮಾದರಿ ಹೊಸದೇನಲ್ಲ. ಮಾಸ್ಕೋ ವಿಶ್ವವಿದ್ಯಾಲಯದ ಜೊತೆ ಗಣಿತಜ್ಞ ಕೊಲ್ಮೊಗೊರೊವ್ ಇಂಥ ವಸತಿ ಶಾಲೆ ಕಟ್ಟಿದ್ದು 1963ರಲ್ಲಿ. ಅದೇ ವರ್ಷ ನೊವೊಸಿಬಿರ್ಸ್ಕ್‌ನಲ್ಲೂ ಒಂದು ಶುರುವಾಯಿತು. ಅಮೆರಿಕದ ಟೆಕ್ಸಾಸ್‌ನ ಡೆಂಟನ್‌ನಲ್ಲಿ 1988ರಿಂದ, ಕೆಂಟಕಿಯಲ್ಲಿ 2007ರಿಂದ ಪಿಯು ವಯಸ್ಸಿನ ಮಕ್ಕಳು ವಿಶ್ವವಿದ್ಯಾಲಯದ ಆವರಣದಲ್ಲೇ ಉಳಿದು, ಕಾಲೇಜು ವಿದ್ಯಾರ್ಥಿಗಳ ಪಕ್ಕದಲ್ಲೇ ಕೂತು ಪಾಠ ಕೇಳುತ್ತಾರೆ. ಅಲ್ಲಿ ಆ ಪಾಠ ಹೈಸ್ಕೂಲಿಗೂ ಕಾಲೇಜಿಗೂ ಲೆಕ್ಕಕ್ಕೆ ಬರುತ್ತದೆ. ನಮ್ಮಲ್ಲಿ ಪಿಯು ಪಾಸಾಗದೆ ಬಿಎಸ್ಸಿಗೆ ಸೇರುವ ಹಾಗಿಲ್ಲ. ಹಾಗಾಗಿ ಮಕ್ಕಳ ಹೆಸರು ಪಕ್ಕದ ಪಿಯು ಕಾಲೇಜಿನಲ್ಲಿ, ವಾಸ ಕ್ಯಾಂಪಸ್‌ನಲ್ಲಿ. ಮಧ್ಯಾಹ್ನದವರೆಗೆ ಕಾಲೇಜಿನಲ್ಲಿ ಪಾಠ, ಎರಡೂವರೆಯಿಂದ ಕ್ಯಾಂಪಸ್‌ನ ಲ್ಯಾಬ್ ಮತ್ತು ಬಿಎಸ್ಸಿ ಕ್ಲಾಸು. ಪಿಯು ಪರೀಕ್ಷೆಗೆ ಬೇಕಾದ ಶೇ. 75 ಹಾಜರಾತಿಯಲ್ಲಿ ಆಟ ಆಡಬೇಡಿ. ಯಾರು ಏನೇ ಭರವಸೆ ಕೊಟ್ಟರೂ ಬೇಡ.

ಕ್ಯಾಂಪಸ್ ಹೆಸರು ಇಲ್ಲಿ ಬರೆಯುವುದಿಲ್ಲ. ಜಾಗ ಹೇಗೆ ಸಿಕ್ಕಿತು, ಒಪ್ಪಿಗೆ ಹೇಗೆ ಬಂತು ಅಂತ ತುಂಬಾ ಜನ ಕೇಳುತ್ತಾರೆ. ಅದನ್ನೂ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಹದಿನಾಲ್ಕು ತಿಂಗಳು ಓಡಾಡಿದ್ದೇನೆ, ಅಷ್ಟು ಹೇಳಬಲ್ಲೆ.

ಮೊದಲ ವರ್ಷ, 2022ರ ಜೂನ್. ಎಸ್ಸೆಸ್ಸೆಲ್ಸಿಯಲ್ಲಿ ಶೇ. 95ರ ಮೇಲೆ ಬಂದವರನ್ನೇ ಆರಿಸಿದೆ. ಅದು ನನ್ನ ದೊಡ್ಡ ತಪ್ಪು. ಮಕ್ಕಳು ಒಳ್ಳೆಯವರೇ. ಆದರೆ ಅವರಲ್ಲಿ ಅರ್ಧಕ್ಕರ್ಧ ಮಂದಿಗೆ ಉತ್ತರ ಇಲ್ಲದ ಪ್ರಶ್ನೆ ಕೊಟ್ಟರೆ ಜ್ವರ ಬರುತ್ತಿತ್ತು. ಮನೆಯವರಿಗೆ ಬೇಕಿದ್ದದ್ದು ನೀಟ್ ಕೋಚಿಂಗ್. ಅದನ್ನು ನಾನೂ ಸೇರಿಸುವಾಗ ಸರಿಯಾಗಿ ಕೇಳಿರಲಿಲ್ಲ. ಒಬ್ಬ ಹುಡುಗ ಹತ್ತು ವರ್ಷ ಕ್ಲಾಸಿಗೆ ಫಸ್ಟ್ ಬಂದವನು. ನಮ್ಮ ಮೊದಲ ಟೆಸ್ಟ್‌ನಲ್ಲಿ ನೂರಕ್ಕೆ 52 ಬಂತು. ಆ ಪೇಪರನ್ನು ಎಂಟು ಮಡಿಕೆ ಮಾಡಿ ಶರ್ಟಿನ ಜೇಬಿನಲ್ಲಿಟ್ಟುಕೊಂಡು ಮೂರು ದಿನ ಓಡಾಡಿದ. ಅಮ್ಮನಿಗೂ ಹೇಳಲಿಲ್ಲ. ನಾಲ್ಕನೇ ದಿನ ಅಮ್ಮನೇ ಬಂದು ಕರೆದುಕೊಂಡು ಹೋದರು. ಈಗ ನಾವು ಮೊದಲ ತಿಂಗಳು ಯಾವ ಪೇಪರಿಗೂ ಅಂಕ ಹಾಕುವುದಿಲ್ಲ. ಎಲ್ಲಿ ಎಡವಿದ್ದಾರೆ ಅಂತ ಪೆನ್ಸಿಲ್‌ನಲ್ಲಿ ಬರೆದು ಕೊಡುತ್ತೇವೆ, ಅಷ್ಟೇ. ಆ ಹುಡುಗ ಹೋಗುವ ಮೊದಲು ಇದು ಹೊಳೆದಿದ್ದರೆ ಅನ್ನುವ ನೋವು ಇವತ್ತಿಗೂ ಇದೆ.

ಎರಡನೇ ವರ್ಷದಿಂದ ಮಾರ್ಕ್ಸ್ ಕಾರ್ಡ್ ಪಕ್ಕಕ್ಕಿಟ್ಟೆ. ಏಪ್ರಿಲ್‌ನಲ್ಲಿ ಮೂರು ದಿನದ ಶಿಬಿರ, ಮೂರೂ ರಾತ್ರಿ ಅಲ್ಲೇ ವಾಸ. ಅಲ್ಲಿ ಕೊಡುವ ಒಂದು ಕೆಲಸ ಹೇಳುತ್ತೇನೆ. ಒಂದು ಪ್ಲಾಸ್ಟಿಕ್ ಬಕೆಟ್, ಎಲ್ಲರ ಮನೆಯಲ್ಲೂ ಇರುವಂಥದ್ದು. ಬಾಯಿ ಅಗಲ, ತಳ ಸಣ್ಣ. ಒಳಗೆ 10 ಸೆಂಟಿಮೀಟರ್ ನೀರು. "ಇದು ರಾತ್ರಿ ಅಂಗಳದಲ್ಲಿ ಇಟ್ಟಿದ್ದ ಬಕೆಟ್. ಮಳೆ ಎಷ್ಟು ಬಂತು?" ಹೆಚ್ಚಿನವರು 10 ಸೆಂಟಿಮೀಟರ್ ಅಂತ ಬರೆದು ಕೈ ಕಟ್ಟಿ ಕೂರುತ್ತಾರೆ. ಕೆಲವರು ಪಕ್ಕದವರ ಹಾಳೆ ನೋಡುತ್ತಾರೆ.

ಆ ವರ್ಷ ಸಿದ್ದಾಪುರ ಕಡೆಯ ಒಂದು ತೋಟದ ಲೈನ್ ಮನೆಯಿಂದ, ಅಂದರೆ ಕಾರ್ಮಿಕರ ಸಾಲು ಮನೆಯಿಂದ, ಒಬ್ಬಳು ಹುಡುಗಿ ಬಂದಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ ಶೇ. 71 ಇರಬೇಕು. ಅವಳ ಮೇಷ್ಟ್ರು ಒತ್ತಾಯ ಮಾಡಿ ಕಳಿಸಿದ್ದರು. ಹತ್ತು ನಿಮಿಷ ಬಕೆಟ್ ಸುತ್ತ ಸುತ್ತಿದಳು. ಆಮೇಲೆ "ಸರ್, ಈ ಬಕೆಟ್ ಸುಳ್ಳು ಹೇಳ್ತಿದೆ. ಕೆಳಗೆ ಸಣ್ಣ ಇದೆಯಲ್ಲ" ಅಂದಳು. ಅಡುಗೆ ಮನೆಗೆ ಹೋಗಿ 200 ಮಿಲಿ ಲೋಟ ತಂದಳು. ನೀರು ಮೊಗೆದು ಎಣಿಸಿದಳು, 18 ಲೋಟ. ದಾರದಿಂದ ಬಾಯಿಯ ಅಡ್ಡಳತೆ ತೆಗೆದಳು, 28 ಸೆಂಟಿಮೀಟರ್. ಬಾಯಿಯ ವಿಸ್ತೀರ್ಣ 616 ಬಂತು, 3600ನ್ನು ಅದರಿಂದ ಭಾಗಿಸಿದಳು. ಸುಮಾರು 5.8 ಸೆಂಟಿಮೀಟರ್. ಅಲ್ಲಿಗೆ ನಿಲ್ಲಲಿಲ್ಲ. "ಎರಡು ಇಂಚು ಮೂವತ್ತು ಸೆಂಟ್, ಸರ್" ಅಂದಳು. ನಮ್ಮ ತೋಟಗಳಲ್ಲಿ ಮಳೆ ಲೆಕ್ಕ ಇರುವುದೇ ಹಾಗೆ, ಇಂಚಿಗೆ ನೂರು ಸೆಂಟ್. ದಿನಾ ಬೆಳಿಗ್ಗೆ ತೋಟದ ರೈಟರ್ (ಲೆಕ್ಕ ಬರೆಯುವವರು) ಮಳೆಮಾಪಕ ನೋಡಿ ಬರೆಯುವುದನ್ನು ಅವಳು ಬೇಲಿಯಾಚೆಯಿಂದ ನೋಡಿದ್ದಳಂತೆ. ಅವಳನ್ನು ಆಗಲೇ ಆರಿಸಿದೆ. ಆಯ್ಕೆ ಸಮಿತಿಯ ಉಳಿದಿಬ್ಬರು ಒಪ್ಪಲಿಲ್ಲ, ಪಿಯು ಫಿಸಿಕ್ಸ್ ಹೇಗೆ ಮಾಡ್ತಾಳೆ ಅಂದರು. ನಾನು ಪಟ್ಟು ಬಿಡಲಿಲ್ಲ. ಅವಳೀಗ ಐಸರ್‌ನಲ್ಲಿ (ಕೇಂದ್ರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ) ಓದುತ್ತಿದ್ದಾಳೆ.

ಬಕೆಟ್ ಪ್ರಶ್ನೆ ಈಗ ಊರೆಲ್ಲ ಗೊತ್ತಾಗಿದೆ, ಅದಕ್ಕೇ ಬರೆದೆ. ಮೂರನೇ ರಾತ್ರಿ ಕೊಡುವ ಕೆಲಸ ಮಾತ್ರ ಹೇಳುವುದಿಲ್ಲ. ನನ್ನ ನಿಜವಾದ ಜರಡಿ ಅದೇ.

ಇಷ್ಟೆಲ್ಲ ಹೇಳಿದರೂ ನನ್ನ ಅನುಭವದಲ್ಲಿ ಅಕಾಡೆಮಿಯನ್ನು ನಿಲ್ಲಿಸುವುದೂ ಕೆಡವುವುದೂ ಹಾಸ್ಟೆಲ್. ಪಾಠ ಆಮೇಲೆ. ಮೊದಲ ವರ್ಷ ಮಕ್ಕಳನ್ನು ಎಂಎಸ್ಸಿ ಹಾಸ್ಟೆಲಿನ ಒಂದು ಮಹಡಿಯಲ್ಲಿ ಇಟ್ಟಿದ್ದೆ, ದೊಡ್ಡವರನ್ನು ನೋಡಿ ಕಲಿಯಲಿ ಅಂತ. ಕಲಿತದ್ದು ರಾತ್ರಿ ಎರಡು ಗಂಟೆಗೆ ಮಲಗುವುದು. ಹದಿನಾರರ ಮಕ್ಕಳನ್ನು ದೊಡ್ಡವರ ಜೊತೆ ಹಾಗೆ ಬಿಡಲೇಬಾರದು. ಈಗ ಹಳೇ ಕ್ವಾರ್ಟರ್ಸ್ ರಿಪೇರಿ ಮಾಡಿ ಹುಡುಗಿಯರಿಗೆ, ಹುಡುಗರಿಗೆ ಬೇರೆ ಬೇರೆ ಕಟ್ಟಡ ಮಾಡಿದ್ದೇವೆ. ಅಡುಗೆಯವರಿಂದ ಹಿಡಿದು ಪಾಠ ಹೇಳುವ ಸಂಶೋಧನಾ ವಿದ್ಯಾರ್ಥಿಗಳವರೆಗೆ ಎಲ್ಲರಿಗೂ ಪೊಲೀಸ್ ಪರಿಶೀಲನೆ. ಪೋಕ್ಸೊ ಕಾಯ್ದೆಯ ಬಗ್ಗೆ ಪ್ರತಿ ಜೂನ್‌ನಲ್ಲಿ ಎಲ್ಲರನ್ನೂ ಕೂರಿಸಿ ಹೇಳಿಸುತ್ತೇವೆ. ಇದರಲ್ಲಿ ರಾಜಿ ಇಲ್ಲ.

ಇನ್ನು ಮಳೆ. ಪಿಯು ಶುರುವಾಗುವುದೂ ಜೂನ್, ಮಳೆ ಹಿಡಿಯುವುದೂ ಜೂನ್. ಜುಲೈನಲ್ಲಿ ಬಟ್ಟೆ ವಾರವಾದರೂ ಒಣಗುವುದಿಲ್ಲ. ಒದ್ದೆ ಸಾಕ್ಸ್ ಹಾಕಿಕೊಂಡ ಮಗುವಿಗೆ ಕ್ಯಾಲ್ಕುಲಸ್ ತಲೆಗೆ ಹೋಗಲ್ಲ, ಮನೆ ನೆನಪಾಗುತ್ತೆ. ಆರು ಮಂದಿ ಬಿಟ್ಟು ಹೋದದ್ದಕ್ಕೆ ಇದೂ ಒಂದು ಕಾರಣ ಅಂತ ಆಮೇಲೆ ಅವರೇ ಹೇಳಿದರು. ಮೊದಲು ಕರೆಂಟಿನ ಹೀಟರ್ ತಂದೆ, ಎಂಟು ಸಾವಿರ ದಂಡ. ಕರೆಂಟ್ ಮೂರು ದಿನ ಇರುವುದೇ ಇಲ್ಲ ಅಲ್ವಾ. ಕೊನೆಗೆ ಬಚ್ಚಲಿನ ಹಂಡೆ ಒಲೆಯ ಹೊಗೆ ಕೊಳವೆಯನ್ನು ಪಕ್ಕದ ಕೋಣೆಯೊಳಗೆ ಹಾಯಿಸಿ ಹೊರಗೆ ಬಿಟ್ಟೆ. ತಗಡಿನ ಕೊಳವೆ, ಅದರ ಮೇಲೆ ತಂತಿ ಸಾಲು. ಸೌದೆ ತೋಟದಿಂದ, ನೀರು ಕಾಯುವ ಬೆಂಕಿಯಲ್ಲೇ ಬಟ್ಟೆಯೂ ಒಣಗುತ್ತದೆ. ಎಲ್ಲಾ ಸೇರಿ 40 ಸಾವಿರದ ಆಸುಪಾಸು. ಬೆಸುಗೆ ಬಿಡದ ಹಾಗೆ ನೋಡಿಕೊಳ್ಳಿ, ಕೋಣೆಯ ಕಿಟಕಿ ಪೂರ್ತಿ ಮುಚ್ಚಬೇಡಿ, ಒಳಗೆ ಯಾರನ್ನೂ ಮಲಗಲು ಬಿಡಬೇಡಿ. ನಾನು ಮಾಡಿದ ಕೆಲಸಗಳಲ್ಲಿ ನನಗೆ ಹೆಚ್ಚು ಹೆಮ್ಮೆ ಈ ಕೋಣೆಯ ಮೇಲೆಯೇ.

ಊಟದ ಕಂಟ್ರಾಕ್ಟ್ ಹೊರಗಿನವರಿಗೆ ಕೊಟ್ಟು ಮೂರು ತಿಂಗಳು ನೀರು ಸಾಂಬಾರ್ ತಿಂದೆವು. ಆಮೇಲೆ ಊರಿನ ಇಬ್ಬರು ಹೆಂಗಸರನ್ನು ಸಂಬಳಕ್ಕೆ ಇಟ್ಟುಕೊಂಡೆವು. ಬೆಳಿಗ್ಗೆ ಅಕ್ಕಿ ರೊಟ್ಟಿ, ಕಡಂಬುಟ್ಟು. ಮಳೆಗಾಲದಲ್ಲಿ ಕಣಿಲೆ ಪಲ್ಯ. ಖರ್ಚು ತಲೆಗೆ ತಿಂಗಳಿಗೆ ಮುನ್ನೂರೋ ನಾನ್ನೂರೋ ಹೆಚ್ಚಾಯಿತು, ಮಕ್ಕಳು ಉಳಿದರು. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ಮರುದಿನ ಟೆಸ್ಟ್ ಇಟ್ಟದ್ದೂ ಮೊದಲ ವರ್ಷದ ತಪ್ಪೇ. ಯಾರೂ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ದುಡ್ಡಿನ ಮಾತು. ಮೊದಲ ವರ್ಷ ಮಂಚ, ಇನ್ವರ್ಟರ್, ರಿಪೇರಿ, ಸಂಬಳ ಎಲ್ಲಾ ಸೇರಿ ಸುಮಾರು 19 ಲಕ್ಷ ಹೋಯಿತು. ಫೀಸು 60 ಸಾವಿರದಂತೆ ಎಂಟು ಲಕ್ಷ ಚಿಲ್ಲರೆ ಬಂದಿತ್ತು, ಬಿಟ್ಟು ಹೋದವರಿಗೆ ಅರ್ಧ ವಾಪಸ್ ಕೊಟ್ಟೆ. ಉಳಿದದ್ದು ನನ್ನ ಪಿಎಫ್ ಮತ್ತು ಇಬ್ಬರು ಗೆಳೆಯರದ್ದು. ಒಂದು ಬ್ಯಾಂಕಿಗೆ ನಾಲ್ಕು ಸಲ ಹೋದೆ. ನಾಲ್ಕು ಸಲವೂ ಬೇರೆ ಬೇರೆ ಕಾಗದ ಕೇಳಿದರು, ಸಾಲ ಕೊಡಲಿಲ್ಲ.

ಫೀಸು ಕಟ್ಟಿಸುವ ಕಾಲವೂ ತಪ್ಪಾಗಿತ್ತು. ಜೂನ್‌ನಲ್ಲಿ ಬೆಳೆಗಾರರ ಕೈಯಲ್ಲಿ ಕಾಸು ಎಲ್ಲಿರುತ್ತೆ? ಕಾಫಿ ಕೊಯ್ದು, ಒಣಗಿಸಿ, ಮಾರುವ ಹೊತ್ತಿಗೆ ಫೆಬ್ರವರಿ, ಮಾರ್ಚ್. ಈಗ ಜೂನ್‌ನಲ್ಲಿ ಕಾಲು ಭಾಗ, ಉಳಿದದ್ದು ಮಾರ್ಚ್ ಕೊನೆಯೊಳಗೆ. ಬಾಕಿ ಅನ್ನುವುದು ಹೆಚ್ಚುಕಡಿಮೆ ಇಲ್ಲವಾಯಿತು. ಕಳೆದ ವರ್ಷ ಒಬ್ಬ ಬೆಳೆಗಾರರು ದುಡ್ಡಿನ ಬದಲು 50 ಕೆಜಿಯ 10 ಚೀಲ ರೊಬಸ್ಟಾ ಚೆರ್ರಿಯನ್ನೇ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಜೀಪಿನಲ್ಲಿ ತಂದು ಇಳಿಸಿದರು. ರೇಟು ಚೆನ್ನಾಗಿತ್ತು, ಲಕ್ಷದ ಮೇಲೆ ಬಂತು. ಎರಡೂ ವರ್ಷದ ಮಕ್ಕಳು ಸೇರಿ ಈಗ 44. ತಲೆಗೆ ವರ್ಷಕ್ಕೆ 1 ಲಕ್ಷ 10 ಸಾವಿರದಷ್ಟು ಖರ್ಚು. ಫೀಸು 95 ಸಾವಿರ, ಕಾಲು ಭಾಗ ಮಕ್ಕಳಿಗೆ ಪೂರ್ತಿ ಉಚಿತ. ವರ್ಷಕ್ಕೆ ಹದಿನಾರು ಹದಿನೇಳು ಲಕ್ಷ ಹೊರಗಿನಿಂದ ಹೊಂದಿಸಬೇಕು. ಹೊಂದಿಸುತ್ತಿದ್ದೇವೆ.

ಲ್ಯಾಬಿನವರನ್ನು ಒಪ್ಪಿಸಿದ್ದು ಹೇಗೆ ಅನ್ನುವುದನ್ನು ಬಿಚ್ಚಿ ಹೇಳುತ್ತೇನೆ. ಮಕ್ಕಳು ಗಾಜಿನ ಸಾಮಾನು ಒಡೆದರೆ ಯಾರ ತಲೆಗೆ ಅನ್ನುವ ಭಯ ಅಟೆಂಡರ್‌ಗಳಿಗೆ. ಅವರು ಕೇಳುವ ಮೊದಲೇ 25 ಸಾವಿರ ಠೇವಣಿ ಇಟ್ಟೆ, ಒಡೆದದ್ದಕ್ಕೆಲ್ಲ ಇದರಿಂದ ತೆಗೆದುಕೊಳ್ಳಿ ಅಂತ. ಎರಡು ವರ್ಷದಲ್ಲಿ ಹೋದದ್ದು ಮೂರು ಸಾವಿರ ಇರಬಹುದು. ಪಿಎಚ್‌ಡಿ ಮಾಡುವ ಹುಡುಗ ಹುಡುಗಿಯರಿಗೆ ಮೂರು ಮೂರು ಮಕ್ಕಳನ್ನು ಹಂಚಿ, ತಿಂಗಳಿಗೆ ಸ್ವಲ್ಪ ಗೌರವಧನ ಕೊಡುತ್ತೇವೆ. ಪ್ರೊಫೆಸರ್‌ಗಳಿಗಿಂತ ಇವರಿಂದಲೇ ಮಕ್ಕಳು ಜಾಸ್ತಿ ಕಲಿತರು.

ನಡುವೆ ಒಂದು ಕಿತ್ತಳೆ ಪ್ರಯೋಗ ಮಾಡಿದೆವು, ಪಠ್ಯಕ್ಕೆ ಸಂಬಂಧವೇ ಇಲ್ಲ. ಒಬ್ಬ ಹುಡುಗ ಕೊಡಗಿನ ಕಿತ್ತಳೆಯ 20 ಬೀಜ ನೆಟ್ಟ, 30ಕ್ಕಿಂತ ಹೆಚ್ಚು ಸಸಿ ಬಂತು. ಯಾರೋ ತಮಾಷೆಗೆ ಬೀಜ ಸೇರಿಸಿದ್ದಾರೆ ಅಂತ ರೂಮ್‌ಮೇಟ್ ಜೊತೆ ಜಗಳ ಮಾಡಿಕೊಂಡ. ಒಂದು ಸಸಿಯನ್ನು ಬೇರು ಸಮೇತ ತೊಳೆದು ನೋಡಿದಾಗ ಒಂದೇ ಸಿಪ್ಪೆಯೊಳಗಿಂದ ಎರಡು ಮೊಳಕೆ. ಈ ಜಾತಿಯಲ್ಲಿ ಒಂದು ಬೀಜದೊಳಗೆ ಹಲವು ಭ್ರೂಣ ಇರುತ್ತವೆ. ಪರಾಗಸ್ಪರ್ಶದಿಂದ ಹುಟ್ಟಿದ್ದನ್ನು ಬಿಟ್ಟರೆ ಉಳಿದವು ತಾಯಿ ಗಿಡದ ನಕಲು. ಯಾವುದು ಯಾವುದು ಅಂತ ಬೇರೆ ಮಾಡುತ್ತೇನೆ ಅಂತ ಹೊರಟ. ಅಂಗಾಂಶ ಕೃಷಿ ಲ್ಯಾಬಿನಲ್ಲಿ ಪ್ರಯತ್ನಿಸಿದೆವು. ಮಳೆಗಾಲದ ಬೂಷ್ಟು ಒಂದು ಬಾಟಲಿಯನ್ನೂ ಬಿಡಲಿಲ್ಲ. ಎರಡು ಸಲ ಪೂರ್ತಿ ಹಾಳಾಯಿತು, ಆರೇಳು ಸಾವಿರ ಹೋಯಿತು. ಆದರೆ ಆ ಹುಡುಗ ಬಿಎಸ್ಸಿ ಮೂರನೇ ವರ್ಷದವರ ಜೊತೆ ಕೂತು ಜೆನೆಟಿಕ್ಸ್ ಕೇಳಲು ಶುರು ಮಾಡಿದ್ದು ಅಲ್ಲಿಂದಲೇ. ಸಸಿಗಳು ಹಾಸ್ಟೆಲ್ ಹಿಂದೆ ಬೆಳೆಯುತ್ತಿವೆ.

ಇನ್ನೊಬ್ಬಳು ತನ್ನ ಅಜ್ಜನ ಮಳೆ ಡೈರಿಗಳನ್ನು ತಂದಳು, ಮೂವತ್ತಕ್ಕೂ ಹೆಚ್ಚು ವರ್ಷದ್ದು. ಇಂಚನ್ನೆಲ್ಲ ಮಿಲಿಮೀಟರ್‌ಗೆ ಇಳಿಸಿ, ಹೂ ಮಳೆ ಬಿದ್ದ ದಿನ, ಕಾಫಿ ಹೂ ಬಿಟ್ಟ ದಿನ ಜೋಡಿಸುತ್ತಿದ್ದಾಳೆ. ಅಜ್ಜ ಹೂವಿನ ದಿನವನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿದ್ದಾರೆ. ಹೆಚ್ಚಿನ ವರ್ಷ ಒಂಬತ್ತು ಹತ್ತು ದಿನದ ಅಂತರ. ಹಾಗಿಲ್ಲದ ವರ್ಷಗಳಲ್ಲಿ ಏನಾಯಿತು ಅಂತ ಈಗ ಹುಡುಕಾಟ.

ಪೋಷಕರು ಕೊನೆಗೆ ಕೇಳುವುದು ಅಂಕ. ಸಿಇಟಿ ರ‍್ಯಾಂಕಿನಲ್ಲಿ ಅರ್ಧ ಪಾಲು ಪಿಯು ಅಂಕದ್ದು, ಅವರ ಚಿಂತೆ ತಪ್ಪಲ್ಲ. ಎರಡನೇ ಬ್ಯಾಚಿನ ಎಲ್ಲರಿಗೂ ಶೇ. 80ರ ಮೇಲೆ ಬಂತು. ಇಬ್ಬರು ಗಣಿತ ಒಲಿಂಪಿಯಾಡ್‌ನಲ್ಲಿ ಪ್ರಾದೇಶಿಕ ಹಂತಕ್ಕೆ ಹೋದರು. ಕೋಚಿಂಗ್ ಇಲ್ಲದೆ, ನೆಟ್‌ವರ್ಕ್ ಸರಿ ಇಲ್ಲದ ಜಾಗದಲ್ಲಿ ಕೂತು.

ಬೇರೆ ಜಿಲ್ಲೆಯವರು ಬಂದು ನೋಡಬೇಕು ಅನ್ನುತ್ತಿದ್ದಾರೆ. ಬನ್ನಿ, ಆದರೆ ಜುಲೈನಲ್ಲೇ ಬನ್ನಿ. ಒಂದು ರಾತ್ರಿ ಉಳಿಯಿರಿ. ಬಟ್ಟೆ ಒಣಗಿಸುವ ಕೋಣೆಯ ಅಳತೆ, ಕೊಳವೆಯ ಓಟ ಎಲ್ಲಾ ಬರೆದಿಟ್ಟಿದ್ದೇನೆ, ನಕಲು ಮಾಡಿಕೊಂಡು ಹೋಗಬಹುದು.