ಭಾನುವಾರದ ಕೋಳಿಗೆ ಶನಿವಾರ ರಾತ್ರಿ ಫೀಡ್ ನಿಲ್ಲಿಸುವುದು ಹೇಗೆ?

ಉಡುಪಿ, ಬ್ರಹ್ಮಾವರದ ಕಡೆ ಭಾನುವಾರ ಬೆಳಗಾದರೆ ಕೋಳಿ ಅಂಗಡಿ ಮುಂದೆ ಜನ. ಮನೆಯಲ್ಲಿ ಕೋರಿ ರೊಟ್ಟಿಗೆ ಮಸಾಲೆ ಹುರಿಯುತ್ತಿರುತ್ತಾರೆ. ಆ ಮಾಂಸ ಮೆತ್ತಗಿರುತ್ತದೋ, ನೀರು ಬಿಡುತ್ತದೋ ಎನ್ನುವುದಕ್ಕೆ ಹಿಂದಿನ ರಾತ್ರಿ ಶೆಡ್‌ನಲ್ಲಿ ಮಾಡಿದ ಕೆಲಸವೂ ಕಾರಣ.

ಕಡಿಯುವ ಮೊದಲು ಕೋಳಿಯ ಹೊಟ್ಟೆ ಖಾಲಿ ಇರಬೇಕು. ಇಲ್ಲದಿದ್ದರೆ ಕರುಳು ಒಡೆದು ಹೊಲಸು ಮಾಂಸಕ್ಕೆ ತಾಗುತ್ತದೆ. ಕೊನೆಯ ಫೀಡ್‌ನಿಂದ ಕತ್ತಿಯವರೆಗೆ 8ರಿಂದ 12 ಗಂಟೆ ಸರಿಯಾದ ಅಂತರ. ನಮ್ಮಲ್ಲಿ ಹೆಚ್ಚಿನವರು ಕೋಳಿ ಗಾಡಿ ಹತ್ತುವವರೆಗೆ ಮಾತ್ರ ಎಣಿಸುತ್ತಾರೆ. ಗಾಡಿಯಲ್ಲಿ, ಅಂಗಡಿಯ ಗೂಡಿನಲ್ಲಿ ಕಳೆದ ಹೊತ್ತು ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಬಾರದು.

ಹಸಿದಾಗ ಮೈಯೊಳಗೆ ಏನಾಗುತ್ತದೆ?

ಕೋಳಿ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಲಿವರ್‌ನಲ್ಲೂ ಸ್ನಾಯುವಿನಲ್ಲೂ ಕೂಡಿಟ್ಟಿರುತ್ತದೆ. ಫೀಡ್ ನಿಂತು ಸುಮಾರು 6 ಗಂಟೆಯೊಳಗೆ ಲಿವರ್‌ನ ದಾಸ್ತಾನು ಬಹುಪಾಲು ಮುಗಿಯುತ್ತದೆ. ಆದರೂ ರಕ್ತದ ಸಕ್ಕರೆ ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ. ಕೋಳಿ ಮೈಯ ಕೊಬ್ಬು ಕರಗಿಸಿ ಸ್ನಾಯುಗಳಿಗೆ ಕೊಡುತ್ತದೆ. ಲಿವರ್ ಪ್ರೋಟೀನ್ ಮುರಿದು ಹೊಸ ಸಕ್ಕರೆ ಮಾಡುತ್ತದೆ.

ಎಲ್ಲ ಸ್ನಾಯುವೂ ಒಂದೇ ಥರ ಅಲ್ಲ. ಕಾಲು ದಿನವಿಡೀ ನಿಲ್ಲಬೇಕು, ನಡೆಯಬೇಕು. ಅದರ ಕೆಂಪು ಸ್ನಾಯು ಕೊಬ್ಬು ಉರಿಸಿ ನಿಧಾನಕ್ಕೆ ದುಡಿಯುತ್ತದೆ. ಎದೆಯ ಬಿಳಿ ಸ್ನಾಯು ಇರುವುದು ರೆಕ್ಕೆ ಬಡಿಯಲಿಕ್ಕೆ. ಅದಕ್ಕೆ ಗ್ಲೈಕೋಜನ್ನೇ ಬೇಕು. ಸುಮ್ನೆ ಕೂತು ಹಸಿದರೆ ಎದೆಯ ದಾಸ್ತಾನು ನಿಧಾನವಾಗಿ ಇಳಿಯುತ್ತದೆ. ಕೋಳಿ ಗಾಬರಿಯಿಂದ ಜೋರಾಗಿ ರೆಕ್ಕೆ ಬಡಿದರೆ ಬೇಗ ಬೇಗ ಖರ್ಚಾಗುತ್ತದೆ.

ಕಡಿದ ಮೇಲೆ ರಕ್ತವೂ ಇಲ್ಲ, ಆಮ್ಲಜನಕವೂ ಇಲ್ಲ. ಉಳಿದ ಗ್ಲೈಕೋಜನ್ ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಎದೆ ಮಾಂಸದ ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) 7ರ ಆಸುಪಾಸಿನಿಂದ ನಿಧಾನವಾಗಿ 5.8ರ ಹತ್ತಿರ ಬಂದರೆ ಮಾಂಸ ಚೆನ್ನಾಗಿರುತ್ತದೆ. ಹಸಿವು, ಆಯಾಸ ಜಾಸ್ತಿಯಾಗಿ ದಾಸ್ತಾನು ಬರಿದಾಗಿದ್ದರೆ ಆಮ್ಲ ಸಾಲುವುದಿಲ್ಲ. ಮಾಂಸ ಕಪ್ಪಗೆ, ಗಟ್ಟಿಯಾಗಿ ಕಾಣುತ್ತದೆ, ಬೇಗ ಹಾಳಾಗುತ್ತದೆ. ಇನ್ನೊಂದು ತೊಂದರೆಯೂ ಇದೆ. ಸೆಕೆಯಲ್ಲಿ ಏದುಸಿರು ಬಿಡುತ್ತಿರುವ ಕೋಳಿಯನ್ನು ಹಾಗೇ ಕಡಿದರೆ, ಮೈ ಇನ್ನೂ 41 ಡಿಗ್ರಿ ಬಿಸಿ ಇರುವಾಗಲೇ ಆಮ್ಲ ಏರುತ್ತದೆ. ಮಾಂಸ ಬಿಳಿಚಿಕೊಂಡು ನೀರು ಬಿಡುತ್ತದೆ. ಅಂಥ ಮಾಂಸದಲ್ಲಿ ಸುಕ್ಕ ಮಾಡಿದರೆ ಎಷ್ಟು ಹೊತ್ತಾದರೂ ಆರುವುದಿಲ್ಲ.

ಈಗ ಕೆಲಸ

ಮೊದಲು ಗಂಟೆಯನ್ನು ಹಿಂದಕ್ಕೆ ಎಣಿಸಿ. ಅಂಗಡಿಯವರು ಬೆಳಿಗ್ಗೆ 6ಕ್ಕೆ ಕಡಿಯಲು ಶುರು ಮಾಡುತ್ತಾರೆ ಎಂದಿಟ್ಟುಕೊಳ್ಳಿ. ರಾತ್ರಿ 9ಕ್ಕೆ ಫೀಡ್ ಎತ್ತಿದರೆ ಮೊದಲ ಕೋಳಿಗೆ 9 ಗಂಟೆಯ ಹಸಿವು, ಬೆಳಿಗ್ಗೆ 9ಕ್ಕೆ ಕಡಿಯುವ ಕೋಳಿಗೆ 12 ಗಂಟೆ ಆಗುತ್ತದೆ. ಮಧ್ಯಾಹ್ನ 1ರವರೆಗೆ ಗೂಡಿನಲ್ಲಿರುವ ಕೋಳಿಗೆ? 16 ಗಂಟೆ! ನಮ್ಮದೇ ಶೆಡ್‌ನ ಒಂದು ಲೋಡಿಗೆ ಹೀಗಾಗಿತ್ತು. ಗಾಡಿ ತಡವಾಯಿತು, ಅಂಗಡಿಯಲ್ಲಿ ವ್ಯಾಪಾರವೂ ನಿಧಾನವಾಯಿತು. ಕೊನೆಯ ಕೋಳಿಗಳ ಪಿತ್ತದ ಚೀಲ ಉಬ್ಬಿ, ಕರುಳು ಮುಟ್ಟಿದರೆ ಹರಿಯುವಷ್ಟು ಸಡಿಲವಾಗಿತ್ತು. ಅವತ್ತಿನಿಂದ ಎರಡು ಲೋಡು ಮಾಡುತ್ತೇವೆ. ಶೆಡ್‌ನ ಒಂದು ಬದಿಗೆ 9ಕ್ಕೆ ಫೀಡ್ ಎತ್ತುತ್ತೇವೆ. ಮಧ್ಯೆ ಬಲೆ ಕಟ್ಟಿ, ಇನ್ನೊಂದು ಬದಿಗೆ ರಾತ್ರಿ 1ಕ್ಕೆ ಎತ್ತುತ್ತೇವೆ. ನಿದ್ದೆ ಕೆಡುತ್ತದೆ, ನಿಜ. ಆದರೆ ಮಾಡಲೇಬೇಕು.

ಫೀಡರ್‌ಗಳನ್ನು ಕೋಳಿಯ ಕೊಕ್ಕಿಗೆ ಎಟುಕದಷ್ಟು ಮೇಲಕ್ಕೆ ಎಳೆದು ಕಟ್ಟಿ. ಅದಕ್ಕೂ ಅರ್ಧ ಗಂಟೆ ಮೊದಲು ಶೆಡ್‌ನಲ್ಲಿ ನಿಧಾನಕ್ಕೆ ಒಂದು ಸುತ್ತು ಹಾಕಿದರೆ ಮಲಗಿದವೂ ಎದ್ದು ತಿನ್ನುತ್ತವೆ.

ನೀರು ಮಾತ್ರ ನಿಲ್ಲಿಸಬೇಡಿ. ಹಿಡಿಯುವ ಹೊತ್ತಿನವರೆಗೂ ಡ್ರಿಂಕರ್ ತುಂಬಿರಲಿ. ನೀರಿಲ್ಲದೆ ಕುತ್ತಿಗೆ ಬುಡದ ಮೇವಿನ ಚೀಲ ಸರಿಯಾಗಿ ಖಾಲಿಯಾಗುವುದಿಲ್ಲ. ಫೀಡ್ ಎತ್ತಿದ ಕೂಡಲೇ ಕ್ರೇಟಿಗೂ ತುಂಬಬೇಡಿ. ನಡೆದಾಡಲು ಜಾಗ ಇದ್ದರೆ ಹೊಟ್ಟೆ ಬೇಗ ಖಾಲಿಯಾಗುತ್ತದೆ.

ಹಿಡಿಯುವ ಮೊದಲು ನಾಲ್ಕೈದು ಕೋಳಿಯ ಮೇವಿನ ಚೀಲ ಮುಟ್ಟಿ ನೋಡಿ. ಮೆತ್ತಗೆ ಖಾಲಿ ಇದ್ದರೆ ಸರಿ. ಒಳಗೆ ಒರಟಾಗಿ ಉಮಿ ಸಿಕ್ಕಿದರೆ ಹಸಿವು ತಡೆಯದೆ ಲಿಟ್ಟರ್, ಅಂದರೆ ನೆಲಕ್ಕೆ ಹಾಸಿದ ಉಮಿ, ತಿಂದಿವೆ ಎಂದರ್ಥ.

ಹಿಡಿಯುವಾಗ ಬೆಳಕು ಕಡಿಮೆ ಮಾಡಿ. ಎರಡೂ ಕೈಯಲ್ಲಿ ರೆಕ್ಕೆ ಒತ್ತಿ ಮೈ ಹಿಡಿದೆತ್ತಿ. ಒಂದೇ ಕಾಲು ಹಿಡಿದು ತಲೆಕೆಳಗೆ ತೂಗಾಡಿಸಿದರೆ ಅದು ರೆಕ್ಕೆ ಬಡಿಯದೆ ಇರುತ್ತದಾ? ನೀವು ರಾತ್ರಿಯಿಡೀ ಕಾಪಾಡಿದ ಎದೆಯ ದಾಸ್ತಾನು ಅಲ್ಲೇ ಮುಗಿಯುತ್ತದೆ. ಅದಕ್ಕಿಂತ ಮೊದಲು, ಆ ಜೀವಕ್ಕೆ ನೋವಾಗುತ್ತದೆ ಅಲ್ವಾ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕರಾವಳಿಯ ಸೆಕೆಗೆ ಇನ್ನಷ್ಟು ಎಚ್ಚರ ಬೇಕು. ಕೋಳಿಗೆ ಬೆವರು ಬರುವುದಿಲ್ಲ, ಏದುಸಿರೊಂದೇ ದಾರಿ. ಕ್ರೇಟಿಗೆ ಕಡಿಮೆ ಕೋಳಿ ಹಾಕಿ, ಬಿಸಿಲೇರುವ ಮೊದಲೇ ಕಳಿಸಿ.

ತೂಕದ ಚಿಂತೆ ರೈತರಿಗೆ ಇದ್ದೇ ಇರುತ್ತದೆ. ಫೀಡ್ ನಿಂತ ಮೇಲೆ ಗಂಟೆಗೆ ಸುಮಾರು 0.2ರಿಂದ 0.5 ಶೇಕಡಾ ತೂಕ ಇಳಿಯುತ್ತದೆ. ಮೊದಲ ಗಂಟೆಗಳಲ್ಲಿ ಹೋಗುವುದು ಹೆಚ್ಚಾಗಿ ಹೊಟ್ಟೆಯೊಳಗಿನದು. ತಡವಾದಷ್ಟೂ ಮಾಂಸದ ತೂಕವೇ ಹೋಗುತ್ತದೆ.

ಅಂಗಡಿಯವರಿಗೆ ಚೀಟಿಯಲ್ಲಿ ಫೀಡ್ ಎತ್ತಿದ ಗಂಟೆ ಬರೆದು ಕೊಡಿ. ಮಧ್ಯಾಹ್ನಕ್ಕೆ ಉಳಿಯುವ ಕೋಳಿಗೆ ಗೂಡಿನಲ್ಲೂ ನೀರಿಡಲಿ. ಸಂಜೆಗೂ ಉಳಿಯುವುದಾದರೆ ಫೀಡ್ ಹಾಕಿ, ಮರುದಿನಕ್ಕೆ ಹೊಸದಾಗಿ ಗಂಟೆ ಎಣಿಸಲಿ.