ಸಂಪಿನ ಗುಂಡಿಯಲ್ಲಿ ಸಿಕ್ಕಿದ್ದು ಹುಲಿ ಉಗುರಲ್ಲ

ಯಲಹಂಕದಲ್ಲಿ ನಮ್ಮ ಮನೆಗೆ ಸಂಪು ತೋಡಿಸುತ್ತಿದ್ದೆವು. ಮೇಸ್ತ್ರಿ ಓಡಿ ಬಂದು ಅಂಗೈ ಬಿಚ್ಚಿದರು. ಬಾಗಿದ, ಚೂಪಾದ, ಹಳದಿ ಬಣ್ಣದ ತುಂಡು. "ಸಾರ್, ಹುಲಿ ಉಗುರು! ಯಾರಿಗೂ ಹೇಳ್ಬೇಡಿ" ಅಂದರು. ಅದೇ ಮಣ್ಣಲ್ಲಿ ನಾಲ್ಕೈದು ದೊಡ್ಡ ಹಲ್ಲುಗಳೂ ಇದ್ದವು. ಅವತ್ತು ಹಿಡಿದ ಗೀಳು ಇನ್ನೂ ಬಿಟ್ಟಿಲ್ಲ.

ಮೊದಲು ತೊಳೆದೆ. ಬರೀ ನೀರು, ಹಳೇ ಟೂತ್‌ಬ್ರಷ್ ಸಾಕು. ಆಸಿಡ್, ಬ್ಲೀಚಿಂಗ್ ಪೌಡರ್ ಬೇಡವೇ ಬೇಡ. ಒಣಗಿಸುವುದು ನೆರಳಲ್ಲೇ. ಒಂದು ಹಲ್ಲನ್ನು ಬಿಸಿಲಿಗಿಟ್ಟಿದ್ದೆ, ಸಂಜೆ ಹೊತ್ತಿಗೆ ಉದ್ದಕ್ಕೆ ಸೀಳಿಹೋಗಿತ್ತು. ಈಗಲೂ ನೆನೆದರೆ ಬೇಜಾರಾಗುತ್ತದೆ.

ಆಮೇಲೆ ಆ "ಉಗುರು" ನೋಡಿದೆ. ಉಗುರಾಗಿದ್ದರೆ ಎರಡೂ ಪಕ್ಕ ಒತ್ತಿದ ಹಾಗೆ ಚಪ್ಪಟೆಯಾಗಿರಬೇಕು. ಅದರ ಹೊರಕವಚ ನಮ್ಮ ಉಗುರಿನ ಥರದ್ದೇ ವಸ್ತು. ಮಣ್ಣಲ್ಲಿ ಅದು ಪದರ ಪದರವಾಗಿ ಎದ್ದು ಕೊಳೆಯುತ್ತದೆ, ಒಳಗಿನ ಮೂಳೆ ಮಾತ್ರ ಉಳಿಯುತ್ತದೆ. ನನ್ನ ಕೈಲಿದ್ದದ್ದಕ್ಕೆ ಮೂರು ಮುಖ. ಮೇಲೆ ಪಿಂಗಾಣಿಯಂಥ ಹೊಳಪು. ಬುಡದಲ್ಲಿ ಟೊಳ್ಳು, ಬೇರೇ ಇಲ್ಲ. ಅಂದರೆ ಹಲ್ಲು, ಗಂಡು ಹಂದಿಯ ಕೆಳದವಡೆಯ ಕೋರೆ. ಅದು ಸಾಯುವತನಕ ಬೆಳೆಯುತ್ತಲೇ ಇರುತ್ತದೆ. ಅದಕ್ಕೇ ಬುಡ ಮುಚ್ಚಿಕೊಳ್ಳುವುದಿಲ್ಲ.

ದೊಡ್ಡ ಹಲ್ಲುಗಳಿಗೆ ಬೇರೆ ದಾರಿ ಹಿಡಿದೆ. ಮಟನ್ ಅಂಗಡಿಯವರ ಹತ್ತಿರ ಒಂದು ಮೇಕೆ ದವಡೆ ಕೇಳಿ ತಂದು, ಬೇಯಿಸಿ, ಶುದ್ಧ ಮಾಡಿ ಪಕ್ಕದಲ್ಲಿಟ್ಟುಕೊಂಡೆ. ನೂರು ಫೋಟೋ ನೋಡುವುದಕ್ಕಿಂತ ಇದೇ ಜಾಸ್ತಿ ಕಲಿಸುತ್ತದೆ. ಅಗಿಯುವ ಮುಖದಲ್ಲಿ ಅರ್ಧಚಂದ್ರದ ಗೆರೆಗಳು ಎರಡಕ್ಕೂ ಒಂದೇ ಥರ, ಆದರೆ ನನಗೆ ಸಿಕ್ಕವು ತುಂಬಾ ದೊಡ್ಡವು. ದನದ್ದೇ. ಒಂದರಲ್ಲಿ ಮಾತ್ರ ಎರಡರ ಬದಲು ಮೂರು ಭಾಗ. ಮೇಕೆ ದವಡೆಯಲ್ಲಿ ಹುಡುಕಿದೆ. ಕಟ್ಟಕಡೆಯ ಹಲ್ಲು ಹಾಗೇ ಇತ್ತು! ಆ ಖುಷಿ ಹೇಳತೀರದು. ಪಕ್ಕದ ಮನೆ ಅಜ್ಜಿಯನ್ನು ಕೇಳಿದರೆ, "ಇಲ್ಲಿ ನಮ್ಮ ಕೊಟ್ಟಿಗೆ ಇತ್ತಲ್ಲಪ್ಪಾ" ಅಂದರು.

ಹಲಸೂರಿನ ಗೆಳೆಯನೊಬ್ಬ ತಂದ ಹಲ್ಲು ಬೇರೆಯೇ ಇತ್ತು. ಇಟ್ಟಿಗೆಯಂತೆ ಉದ್ದ, ಚೌಕ, ಮೇಲ್ಮುಖದಲ್ಲಿ ಸುತ್ತಿಸುತ್ತಿ ಮಡಿಸಿದ ಗೆರೆ. ಕುದುರೆಯದು. 1809ರ ಹೊತ್ತಿಗೆ ಬ್ರಿಟಿಷರ ದಂಡು ನೆಲೆಯೂರಿದ ಕಡೆ ಅಲ್ವಾ, ಆಶ್ಚರ್ಯವಿಲ್ಲ. ಇಡೀ ದವಡೆ ಸಿಕ್ಕರೆ ಇನ್ನೂ ಸುಲಭ. ದನಕ್ಕೆ ಮೇಲಿನ ಬಾಚಿಹಲ್ಲು ಇರುವುದಿಲ್ಲ, ಕುದುರೆಗೆ ಇರುತ್ತದೆ.

ಬೆಕ್ಕಿನ ಉಗುರು ಅಂತ ನನಗೆ ತೋರಿಸಿದವುಗಳಲ್ಲಿ ಸುಮಾರು ಹೆಗ್ಗಣದ ಬಾಚಿಹಲ್ಲೇ. ಬಾಗಿರುತ್ತದೆ ನಿಜ, ಆದರೆ ಮುಂಭಾಗ ಕಿತ್ತಳೆ ಬಣ್ಣ. ಬಣ್ಣ ನೋಡಿದರೆ ಸಾಕು.

ಡೈನೋಸಾರ್ ಹಲ್ಲಾ ಅಂತ ಮಕ್ಕಳು ಕೇಳುತ್ತಾರೆ. ಲಾಲ್‌ಬಾಗ್ ಬಂಡೆಯನ್ನು ತೋರಿಸುತ್ತೇನೆ. ಅದಕ್ಕೆ ಸುಮಾರು 300 ಕೋಟಿ ವರ್ಷ. ಆಗ ಹಲ್ಲಿರುವ ಪ್ರಾಣಿಯೇ ಭೂಮಿಯ ಮೇಲಿರಲಿಲ್ಲ. ನಮ್ಮ ಸೈಟುಗಳಲ್ಲಿ ಸಿಗುವುದು ನಮ್ಮ ಜೊತೆ ಬದುಕಿದ ದನ, ಮೇಕೆ, ಹಂದಿ, ನಾಯಿಗಳದ್ದು. ಮೊದಲು ಅವನ್ನೇ ಅನುಮಾನಿಸಿ.

ನಿಜವಾಗಿ ಹುಲಿ ಅಥವಾ ಚಿರತೆಯದು ಅನ್ನಿಸಿದರೆ ಇಟ್ಟುಕೊಳ್ಳಬೇಡಿ, ಮಾರಬೇಡಿ, ಸರಕ್ಕೆ ಪೋಣಿಸಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಸಿಕ್ಕ ಜಾಗದ ಫೋಟೋ ತೆಗೆದು ಅರಣ್ಯ ಇಲಾಖೆಗೆ ತಿಳಿಸಿ.