ವಾಚ್ ಕೊಡುವ ಎಚ್ಚರಿಕೆ ಧರಿಸಿದವರಿಗೆ ತಲುಪುವಂತೆ ಹೊಂದಿಸುವ ಬಗೆ

ಬಿದ್ದದ್ದನ್ನು ಗುರುತಿಸುವ, ಹೃದಯ ಬಡಿತದ ಏರುಪೇರನ್ನು ತಿಳಿಸುವ ಸ್ಮಾರ್ಟ್‌ವಾಚ್ ಕೊಂಡ ಮಾತ್ರಕ್ಕೆ ರಕ್ಷಣೆ ದೊರೆಯುವುದಿಲ್ಲ. ಅದರ ಎಚ್ಚರಿಕೆ ಧರಿಸಿದವರ ಅರಿವಿಗೆ ಬರಬೇಕು, ಅದಕ್ಕೆ ಉತ್ತರಿಸಲು ಅವರಿಗೆ ಸಾಧ್ಯವಾಗಬೇಕು. ಆದ್ದರಿಂದ ಆರೋಗ್ಯದ ಸೌಲಭ್ಯಗಳನ್ನೂ, ನೋಡಲು, ಕೇಳಲು ಅಥವಾ ಕೈ ಬಳಸಲು ತೊಂದರೆ ಇರುವವರಿಗೆ ನೆರವಾಗುವ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ಗಳನ್ನೂ ಒಟ್ಟಿಗೆ, ಧರಿಸುವವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹೊಂದಿಸಬೇಕು. ಇಲ್ಲಿನ ವಿವರಗಳು ಆಪಲ್ ವಾಚ್‌ಗೆ ಸಂಬಂಧಿಸಿದವು.

ಮೊದಲು ಸರಿಯಾದ ವಯಸ್ಸನ್ನು ನಮೂದಿಸಿ. 2018ರ ಸೀರೀಸ್ 4ರಲ್ಲಿ ಬಂದ, ಬಿದ್ದದ್ದನ್ನು ಗುರುತಿಸುವ ಫಾಲ್ ಡಿಟೆಕ್ಷನ್ 55 ಅಥವಾ ಅದಕ್ಕೂ ಹೆಚ್ಚು ವಯಸ್ಸಿನವರಿಗೆ ತಾನಾಗಿಯೇ ಆನ್ ಆಗುತ್ತದೆ. ಅದಕ್ಕಿಂತ ಕಿರಿಯರು, ವಿಶೇಷವಾಗಿ ಮೂರ್ಛೆರೋಗ ಇರುವವರು, ಅದನ್ನು ತಾವೇ ಆನ್ ಮಾಡಿಕೊಳ್ಳಬೇಕು. ವಾಚ್ ಕೈಯಲ್ಲಿದೆಯೇ ಎಂದು ಗುರುತಿಸುವ ರಿಸ್ಟ್ ಡಿಟೆಕ್ಷನ್ ಆಫ್ ಆಗಿದ್ದರೆ ಎಷ್ಟೇ ಜೋರಾಗಿ ಬಿದ್ದರೂ ವಾಚ್ ತಾನಾಗಿ ಕರೆ ಮಾಡುವುದಿಲ್ಲ. ತುರ್ತು ಸಂದರ್ಭಕ್ಕೆ ಬೇಕಾದ ಆರೋಗ್ಯದ ವಿವರಗಳಿರುವ ಮೆಡಿಕಲ್ ಐಡಿಯಲ್ಲಿ ತುರ್ತು ಸಂಪರ್ಕದವರ ಸಂಖ್ಯೆಯನ್ನೂ ಸೇರಿಸಿ.

ಬಿದ್ದಾಗ ನಡೆಯುವುದನ್ನು ಧರಿಸುವವರಿಗೆ ನಿಧಾನವಾಗಿ ವಿವರಿಸಿ, ಏಕೆಂದರೆ ಎಲ್ಲವೂ ಅದನ್ನೇ ಅವಲಂಬಿಸಿದೆ. ವಾಚ್ ಮಣಿಕಟ್ಟನ್ನು ತಟ್ಟಿ, ಸದ್ದು ಮಾಡಿ, ಪರದೆಯ ಮೇಲೆ ವಿಚಾರಿಸುತ್ತದೆ; ಸುಮಾರು ಒಂದು ನಿಮಿಷ ಅಲುಗಾಟವೇ ಇಲ್ಲದಿದ್ದರೆ 30 ಸೆಕೆಂಡುಗಳ ಎಣಿಕೆ ಶುರುವಾಗಿ, ಕೊನೆಗೆ ತುರ್ತು ಸೇವೆಗೆ ಕರೆ ಹೋಗುತ್ತದೆ. ಫೋನ್ ಹತ್ತಿರವಿಲ್ಲದಿದ್ದರೆ ವಾಚ್‌ಗೆ ಸೆಲ್ಯುಲರ್ ಅಥವಾ ವೈ-ಫೈ ಕಾಲಿಂಗ್ ಇರಬೇಕು.

ಕಿವಿ ಮಂದವಿರುವವರಿಗೆ ಮಣಿಕಟ್ಟಿಗೆ ತಟ್ಟಿದಂತೆ ತಿಳಿಯುವ ಹ್ಯಾಪ್ಟಿಕ್ ಕಂಪನವನ್ನು ‘ಪ್ರಾಮಿನೆಂಟ್’ ಮಾಡಿ. ದೃಷ್ಟಿ ಇಲ್ಲದವರಿಗೆ, ಪರದೆಯ ಮೇಲಿರುವುದನ್ನು ಓದಿ ಹೇಳುವ ವಾಯ್ಸ್‌ಓವರ್ ಆನ್ ಮಾಡಿ, ಅದರ ಎರಡು ಬಾರಿ ತಟ್ಟುವ ಸನ್ನೆ ಕೈಗೆ ರೂಢಿಯಾಗುವವರೆಗೆ ಅಭ್ಯಾಸ ಮಾಡಿಸಿ. ಒಂದೇ ಕೈ ಬಳಸುವವರಿಗೆ 2021ರಲ್ಲಿ ಬಂದ ಅಸಿಸ್ಟಿವ್‌ಟಚ್ ಇದೆ: ಹೆಬ್ಬೆರಳಿಗೆ ತೋರುಬೆರಳನ್ನು ಒತ್ತಿದರೆ ಮುಂದಿನ ಆಯ್ಕೆಗೆ ಹೋಗುತ್ತದೆ, ಮುಷ್ಟಿ ಬಿಗಿದರೆ ಆಯ್ಕೆಯಾಗುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ವಾಚ್‌ನಲ್ಲಿ ಇದರಷ್ಟು ಮುತುವರ್ಜಿಯಿಂದ ರೂಪಿಸಿದ ಸೌಲಭ್ಯ ಮತ್ತೊಂದಿಲ್ಲ. ಗಾಲಿಕುರ್ಚಿ ಬಳಸುವವರು ಆರೋಗ್ಯದ ವಿವರಗಳಲ್ಲಿ ಅದನ್ನು ಗುರುತಿಸಿದರೆ, ಹೆಜ್ಜೆಗಳ ಬದಲು ಚಕ್ರ ತಳ್ಳಿದ್ದು ಲೆಕ್ಕಕ್ಕೆ ಬರುತ್ತದೆ.

ಪಟ್ಟಿ ಚರ್ಮಕ್ಕೆ ತಾಗುವಷ್ಟು ಬಿಗಿಯಾಗಿರಲಿ. ಬಡಿತವನ್ನು ಬೆಳಕಿನಿಂದ ಅಳೆಯುವುದರಿಂದ ಹಚ್ಚೆಯ ಬಣ್ಣವೂ ಅಡ್ಡಿಯಾಗಬಹುದು. ಇಸಿಜಿ ತೆಗೆಯುವಾಗ ತೋಳನ್ನು ಮೇಜಿನ ಮೇಲಿಟ್ಟು, ಇನ್ನೊಂದು ಕೈಯ ಬೆರಳನ್ನು ವಾಚ್ ಪಕ್ಕದ ತಿರುಗುಗುಂಡಿಯ ಮೇಲೆ 30 ಸೆಕೆಂಡು ಹಿಡಿಯಬೇಕು. ಕೈ ನಡುಗುವವರಿಗೆ ಫಲಿತಾಂಶ ಅಸ್ಪಷ್ಟವಾಗಿ ಬರಬಹುದು. ಅದನ್ನೇ ರೋಗವೆಂದು ಭಾವಿಸಬಾರದು. ಈ ಇಸಿಜಿ ಹೃದಯಾಘಾತವನ್ನು ಪತ್ತೆ ಮಾಡುವುದಿಲ್ಲ. ಎದೆ ಹಿಂಡಿದಂತಾದರೆ, ವಾಚ್ ಏನೇ ತೋರಿಸುತ್ತಿರಲಿ, ತಡಮಾಡದೆ ತುರ್ತು ಸೇವೆಗೆ ಕರೆ ಮಾಡಿ.